ಬಾಟ್ಲು ಕೊಡಿ, ಕಾಸು ಈಸ್ಕೊಳ್ಳಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳಲ್ಲಿ ಒಂದು ದಿನದ ಪ್ರವಾಸ ಎಂದರೆ ಮೈಸೂರು, ಮೈಸೂರು ಎಂದರೆ ಮೊದಲು ಮೃಗಾಲಯ. ಅಲ್ಲಿನ ಗೇಟಿನಲ್ಲಿ ಬ್ಯಾಗು ತೆರೆಸಿ ನೋಡುತ್ತಾರೆ. ಪ್ಲಾಸ್ಟಿಕ್ ನೀರಿನ ಬಾಟಲಿ ಸಿಕ್ಕರೆ ಕಿತ್ತುಕೊಳ್ಳುವುದಿಲ್ಲ, ಬೈಯುವುದೂ ಇಲ್ಲ. ಅದಕ್ಕೊಂದು ಸ್ಟಿಕ್ಕರ್ ಅಂಟಿಸಿ 10 ರೂಪಾಯಿ ಠೇವಣಿ ಇಟ್ಟುಕೊಳ್ಳುತ್ತಾರೆ. ಹೊರಗೆ ಬರುವಾಗ ಸ್ಟಿಕ್ಕರ್ ಇರುವ ಬಾಟಲಿ ತೋರಿಸಿದರೆ ಹಣ ವಾಪಸ್. ಆನೆ, ಹುಲಿ, ಜಿರಾಫೆ ಎಲ್ಲ ನೋಡಿ ಕಾಲು ಸೋತ ಹುಡುಗ ಖಾಲಿ ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಬರುತ್ತಾನೆ. ಸಂಜೆ ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅದೇ ಹುಡುಗ ಅದೇ ಬಾಟಲಿಯನ್ನು ಕಿಟಕಿಯಿಂದಾಚೆ ಎಸೆದಿರುತ್ತಾನೆ. ಈ ಒಂದು ಗಂಟೆಯಲ್ಲಿ ಹುಡುಗನ ಸಂಸ್ಕಾರ ಕೆಟ್ಟಿತೆಂದು ಯಾರಾದರೂ ಭಾಷಣ ಮಾಡಿಯಾರು. ಕೆಟ್ಟಿದ್ದೇನೂ ಇಲ್ಲ. ಬಾಟಲಿಗಿದ್ದ ಬೆಲೆ ಹೋಯಿತು, ಅಷ್ಟೆ.

ಠೇವಣಿ ಪದ್ಧತಿ ಎನ್ನುವುದು ಇಷ್ಟು ಸರಳ. ಪಾನೀಯಕ್ಕೆ ಒಂದು ಬೆಲೆ, ಅದು ತುಂಬಿಕೊಂಡು ಬಂದ ಪಾತ್ರೆಗೆ ಇನ್ನೊಂದು. ಪಾನೀಯದ ದುಡ್ಡು ಹೊಟ್ಟೆಗೆ ಹೋಯಿತು. ಪಾತ್ರೆಯ ದುಡ್ಡು ಪಾತ್ರೆ ಹಿಂದಿರುಗಿಸಿದ ದಿನ ಪೂರ್ತಿ ವಾಪಸ್ ಬರುತ್ತದೆ. ಇದು ತೆರಿಗೆಯಲ್ಲ, ದಂಡವೂ ಅಲ್ಲ. ನಮಗೆ ಹೊಸತೂ ಅಲ್ಲ. ಗ್ಯಾಸ್ ಸಿಲಿಂಡರ್ ಮನೆಗೆ ಬರುವುದೇ ಡಿಪಾಸಿಟ್ ಕಟ್ಟಿದ ಮೇಲೆ. ಮಂಡ್ಯದ ಬಡಾವಣೆಗಳಲ್ಲಿ 20 ಲೀಟರಿನ ಕ್ಯಾನ್ ನೀರು ಹಾಕಿಸಿಕೊಳ್ಳುವವರೂ ಮೊದಲ ದಿನ ಕ್ಯಾನಿಗೆಂದು ಮುಂಗಡ ಕೊಟ್ಟವರೇ. ಸಿಲಿಂಡರನ್ನು ಕೆರೆಗೆ ಎಸೆದವರನ್ನೂ ಕ್ಯಾನನ್ನು ನಾಲೆಗೆ ಬಿಟ್ಟವರನ್ನೂ ಯಾರೂ ಕಂಡಿಲ್ಲ.

ಐವತ್ತು ದಾಟಿದವರಿಗೆ ಗೋಲಿ ಸೋಡಾ ಜ್ಞಾಪಕವಿರುತ್ತದೆ. 1870ರ ದಶಕದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವ ರೂಪಿಸಿದ ಬಾಟಲಿ ಅದು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬೇರೆ ಬಿರಡೆ ಬೇಡ. ಹೆಬ್ಬೆರಳಲ್ಲಿ ಒತ್ತಿದರೆ ಕೀಂಯ್ ಎಂದು ಗೋಲಿ ಕೆಳಗೆ ಬೀಳುತ್ತದೆ, ಬಾಟಲಿ ಬಗ್ಗಿಸಿದಾಗ ಕತ್ತಿನ ತಗ್ಗಿನಲ್ಲಿ ನಿಂತು ದಾರಿ ಬಿಡುತ್ತದೆ. ಸೋಡಾ ಫ್ಯಾಕ್ಟರಿ ಎಂದು ದೊಡ್ಡ ಬೋರ್ಡು ಹಾಕಿಕೊಂಡ ಸಣ್ಣ ಕೋಣೆಗಳಲ್ಲಿ ಅದನ್ನು ತಲೆಕೆಳಗು ಮಾಡಿ ತಿರುಗಿಸಿ ತುಂಬುತ್ತಿದ್ದರು. ಒಳಗಿದ್ದ ಸೋಡಾ ಕಾಸಿನದು, ಬಾಟಲಿ ಮಾತ್ರ ಆಸ್ತಿ. ಹಾಗಾಗಿ ಅಂಗಡಿ ಮುಂದೆ ನಿಂತೇ ಕುಡಿಯಬೇಕು. ಮನೆಗೆ ನೆಂಟರು ಬಂದಿದ್ದಾರೆಂದು ಒಯ್ಯುವುದಾದರೆ ಡಿಪಾಸಿಟ್ ಕಟ್ಟು. ‘ಬಾಟ್ಲು ವಾಪಸ್ ತಂದ್ಕೊಡ್ಲಾ, ಕಾಸ್ ಈಸ್ಕೊಂಡೋಗು’ ಎಂಬುದು ಅಂಗಡಿಯವನ ಮಂತ್ರ. ರೈಲಿನ ಕಿಟಕಿಯಲ್ಲಿ ಸೋಡಾ ಕೊಂಡವನು ಕುಡಿದು ಮುಗಿಸುವ ಮೊದಲೇ ಗಾಡಿ ಸಿಳ್ಳೆ ಹಾಕಿದರೆ ಮಾರುವವನು ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡುತ್ತಿದ್ದ. ವಡೆ ಮಾರುವವನಿಗೆ ಆ ಕಷ್ಟವಿರಲಿಲ್ಲ. ಮದ್ದೂರಿನ ಪ್ಲಾಟ್‌ಫಾರ್ಮು ವಡೆಗೆ ಹೆಸರಾದದ್ದರಲ್ಲಿ ಇದರ ಪಾಲೂ ಸ್ವಲ್ಪ ಇದ್ದೀತು ಎಂದು ನನ್ನ ತಮಾಷೆಯ ಗುಮಾನಿ.

ಆಮೇಲೆ ಬಂದ ಬಣ್ಣದ ಪಾನೀಯಗಳೂ ಇದೇ ದಾರಿಯಲ್ಲಿ ನಡೆದವು. 1977ರಲ್ಲಿ ಥಮ್ಸ್ ಅಪ್ ಹುಟ್ಟಿದ್ದು ಗಾಜಿನ ಬಾಟಲಿಯಲ್ಲಿ. 24 ಬಾಟಲಿಯ ಕ್ರೇಟು, ಎಂಪ್ಟಿ ಕೊಟ್ಟರೆ ಫುಲ್ಲು. ಮದುವೆ ಮನೆಗೆ ತರಿಸಿದ ಕ್ರೇಟುಗಳಲ್ಲಿ ಮಾರನೆಯ ದಿನ ಎರಡು ಬಾಟಲಿ ಕಡಿಮೆ ಬಿದ್ದರೆ ಹೆಣ್ಣಿನ ಕಡೆಯವರು ಚಪ್ಪರದ ಮೂಲೆ ಮೂಲೆ ಹುಡುಕುತ್ತಿದ್ದರು. ಆ ಕಾಲದ ಬಾಟಲಿಯೊಂದು ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಭುಜದ ಮೇಲೊಂದು, ತಳದ ಹತ್ತಿರವೊಂದು, ಉಜ್ಜಿ ಉಜ್ಜಿ ಬೆಳ್ಳಗಾದ ಎರಡು ಪಟ್ಟಿ ಕಾಣುತ್ತವೆ. ತುಂಬುವ ಯಂತ್ರದಲ್ಲಿ ಪಕ್ಕದ ಬಾಟಲಿಗೆ ತಾಗಿ ತಾಗಿ ಆದ ಗಾಯ ಅದು. ಪಟ್ಟಿ ದಪ್ಪವಾದಷ್ಟೂ ಅದು ಹೆಚ್ಚು ಸಲ ಊರು ಸುತ್ತಿ ಬಂದಿದೆ ಎಂದರ್ಥ. ಮತ್ತೆ ತುಂಬಲೆಂದೇ ಮಾಡಿದ ಗಾಜಿನ ಬಾಟಲಿ ಜರ್ಮನಿಯಲ್ಲಿ 50 ಸಲದವರೆಗೂ ಬಳಕೆಯಾಗುತ್ತದೆ.

1993ರಲ್ಲಿ ಕೋಕಾ-ಕೋಲಾ ದೇಶಕ್ಕೆ ಮರಳಿತು. ಅದೇ ದಶಕದಲ್ಲಿ ಪ್ಲಾಸ್ಟಿಕ್ ಬಾಟಲಿ ಹಳ್ಳಿ ಅಂಗಡಿಯವರೆಗೂ ಇಳಿಯಿತು. ಹಗುರ, ಒಡೆಯುವುದಿಲ್ಲ, ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ನಾವೆಲ್ಲ ಮೆಚ್ಚಿಕೊಂಡೆವು. ನಿಜವಾಗಿ ಖುಷಿಪಟ್ಟಿದ್ದು ಕಂಪನಿಗಳು. ಗಾಜಿನ ಕಾಲದಲ್ಲಿ ತುಂಬಿದ ಲಾರಿ ಖಾಲಿ ಬಾಟಲಿ ಹೊತ್ತು ವಾಪಸ್ ಹೋಗಬೇಕಿತ್ತು, ತೊಳೆಯಬೇಕಿತ್ತು, ಒಡೆದದ್ದನ್ನು ಲೆಕ್ಕ ಬರೆಯಬೇಕಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಕಂಪನಿಯ ಜವಾಬ್ದಾರಿ ಅಂಗಡಿಯ ಹೊಸ್ತಿಲಿಗೇ ಮುಗಿಯಿತು. ಅಲ್ಲಿಂದಾಚೆ ಬಾಟಲಿ ಗ್ರಾಮ ಪಂಚಾಯಿತಿಯ ಪಾಲು. ಕಂಪನಿ ಉಳಿಸಿದ ಖರ್ಚನ್ನು ಈಗ ನಮ್ಮ ಪಂಚಾಯಿತಿಗಳು ಕಸದ ಗಾಡಿ ಸ್ವಚ್ಛ ವಾಹಿನಿಯ ಡೀಸೆಲಿನ ಲೆಕ್ಕದಲ್ಲಿ ಕಟ್ಟುತ್ತಿವೆ.

ಗುಜರಿಯವರು ಆಯುತ್ತಾರಲ್ಲ ಎನ್ನಬಹುದು. ಆಯುತ್ತಾರೆ, ತೂಕಕ್ಕೆ ಸಿಗುವಷ್ಟನ್ನು. ಒಂದು ಲೀಟರ್ ನೀರಿನ ಬಾಟಲಿ ಸುಮಾರು 20 ಗ್ರಾಂ. ಕಿಲೋ ಆಗಬೇಕಾದರೆ 50 ಬಾಟಲಿ ಬಗ್ಗಿ ಎತ್ತಬೇಕು. ಪೇಟೆ ಬೀದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದು ಗಿಟ್ಟುತ್ತದೆ. ಎರಡು ಫರ್ಲಾಂಗಿಗೊಂದು ಬಾಟಲಿ ಬಿದ್ದಿರುವ ನಾಲೆ ಏರಿಯ ಮೇಲೆ ಯಾರಿಗೆ ಗಿಟ್ಟೀತು? ಬಿಯರ್ ಬಾಟಲಿಯ ಕಥೆ ಬೇರೆ. ಅದನ್ನು ಬ್ರೂವರಿಗಳು ತೊಳೆದು ಮತ್ತೆ ತುಂಬುತ್ತವೆ, ಆದ್ದರಿಂದ ಒಡೆಯದ ಬಿಯರ್ ಬಾಟಲಿಗೆ ಬಿಡಿಯಾಗಿಯೇ ಬೆಲೆಯುಂಟು. ಬಾರ್ ಹಿಂದಿನ ಗಲ್ಲಿಯಲ್ಲಿ ಬಿಯರ್ ಬಾಟಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ವಿಸ್ಕಿ, ಬ್ರಾಂದಿಯ ಕ್ವಾರ್ಟರ್ ಬಾಟಲಿ ಮಾತ್ರ ರಾಶಿ ಬೀಳುತ್ತದೆ.

ಈ ಕ್ವಾರ್ಟರ್ ಬಾಟಲಿಯ ವಿಚಾರಕ್ಕೇ ನಾನು ಬರಬೇಕಿದ್ದದ್ದು. ಮಂಡ್ಯ ನಾಲೆಯ ಜಿಲ್ಲೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ಕವಲೊಡೆಯುತ್ತದೆ. ನಾಲೆ ಏರಿ ಎಂದರೆ ತಂಪು, ಮರದ ನೆರಳು, ಕುಳಿತು ಕುಡಿಯಲು ಪ್ರಶಸ್ತ ಜಾಗ. ಕುಡಿದಾದ ಮೇಲೆ ಬಾಟಲಿಯನ್ನು ಸುಮ್ಮನೆ ಇಟ್ಟು ಹೋಗುವವರು ಕಡಿಮೆ. ನಾಲೆಯ ಕಲ್ಲಿಗೆ ಬೀಸಿ ಒಡೆಯುವುದರಲ್ಲಿ ಏನೋ ಒಂದು ಸಂತೋಷ. ಹಾಗೆ ಒಡೆದ ಕ್ವಾರ್ಟರಿನ ಮೈ ಪುಡಿಯಾಗುತ್ತದೆ. ದಪ್ಪನೆಯ ತಳ ಮಾತ್ರ ಬಟ್ಟಲಿನಂತೆ ಉಳಿದು, ಅದರ ಅಂಚಿನಲ್ಲಿ ಮೂರು ನಾಲ್ಕು ಚೂಪು ಹಲ್ಲು ಮೇಲ್ಮುಖವಾಗಿ ನಿಲ್ಲುತ್ತವೆ. ತಳ ಭಾರವಾದ್ದರಿಂದ ನೀರಿನಲ್ಲಿ ಉರುಳಿದರೂ ಕೊನೆಗೆ ಹಲ್ಲು ಮೇಲೆ ಮಾಡಿಯೇ ಕೂರುತ್ತದೆ. ತೂಬಿನ ಮೂಲಕ ಗದ್ದೆಗೆ ಸೇರಿ ಕೆಸರಿನಲ್ಲಿ ಕಣ್ಮರೆಯಾದ ಮೇಲೆ ಅದನ್ನು ಪತ್ತೆ ಮಾಡುವುದು ನಾಟಿ ಹೆಂಗಸರ ಅಂಗಾಲು. ಬೂಟು ಹಾಕಿಕೊಂಡು ಯಾರೂ ನಾಟಿ ಮಾಡುವುದಿಲ್ಲ. ಗಾಯವಾದ ದಿನದ ಕೂಲಿ ಹೋಯಿತು, ಕೆಸರಿನ ಗಾಯ ಕೀವಾದರೆ ವಾರದ ಕೂಲಿ ಹೋಯಿತು. ಕುಡಿದವನು ಯಾರೋ, ಲಾಭ ಮಾಡಿದವರು ಯಾರೋ, ತೆರಿಗೆ ತೆಗೆದುಕೊಂಡ ಸರ್ಕಾರ ಎಲ್ಲೋ, ದಂಡ ತೆರುವವಳು ಇವಳು.

ಇಂಥದ್ದೇ ಒಂದು ಪಾದದ ಗಾಯ ನೆರೆಯ ತಮಿಳುನಾಡಿನಲ್ಲಿ ನ್ಯಾಯಾಲಯ ಮುಟ್ಟಿತು. ಅಲ್ಲಿ ಪಾದ ಆನೆಯದು. ನೀಲಗಿರಿಯ ಕಾಡಂಚಿನಲ್ಲಿ ಎಸೆದ ಮದ್ಯದ ಬಾಟಲಿಗಳು ಒಡೆದು ಕಾಡುಪ್ರಾಣಿಗಳ ಕಾಲಿಗೆ ಚುಚ್ಚುತ್ತಿವೆ ಎಂಬ ವಿಚಾರ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಬಾಟಲಿ ವಾಪಸ್ ಪಡೆಯುವ ವ್ಯವಸ್ಥೆ ಮಾಡಿ ಎಂದು ಹೈಕೋರ್ಟು ಪಟ್ಟು ಹಿಡಿಯಿತು. 2022ರ ಮೇ 15ರಿಂದ ನೀಲಗಿರಿಯ ಟಾಸ್ಮ್ಯಾಕ್ ಎಂಬ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದವರಿಗೆ ಆ 10 ರೂಪಾಯಿ ಕೊಡತೊಡಗಿದವು. ಕುಡಿದವನೇ ತರಬೇಕೆಂದಿಲ್ಲ, ಯಾರು ತಂದರೂ ಸರಿ. ಮಾರಿದ ಬಾಟಲಿಗಳಲ್ಲಿ ಶೇ. 90ಕ್ಕೂ ಹೆಚ್ಚು ವಾಪಸ್ ಬಂದವು. ಯೋಜನೆ ಕೊಯಮತ್ತೂರು, ಪೆರಂಬಲೂರು ಎನ್ನುತ್ತಾ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕೇರಳವೂ 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಕೆಲವು ಸರ್ಕಾರಿ ಮದ್ಯದಂಗಡಿಗಳಲ್ಲಿ 20 ರೂಪಾಯಿ ಠೇವಣಿಯ ಪ್ರಯೋಗ ಶುರುಮಾಡಿತು. ಅತ್ತ ಕೇದಾರನಾಥದಲ್ಲಿ 2022ರಿಂದಲೇ ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೆ ಕ್ಯೂಆರ್ ಕೋಡ್ ಅಂಟಿಸಿ 10 ರೂಪಾಯಿ ಹಿಂದಿರುಗಿಸುತ್ತಿದ್ದಾರೆ. ದೇವರು, ಕುಡುಕ, ಆನೆ ಯಾರ ಹೆಸರಿನಲ್ಲಿ ಮಾಡಿದರೂ ಲೆಕ್ಕ ಒಂದೇ.

ಹಾಗಾದರೆ ಕರ್ನಾಟಕದಲ್ಲಿ ಏಕಿಲ್ಲ? ಸಾಮಾನ್ಯವಾಗಿ ಸಿಗುವ ಉತ್ತರ: ಅಲ್ಲಿ ಅಂಗಡಿ ಸರ್ಕಾರದ್ದು, ಇಲ್ಲಿ ಖಾಸಗಿಯವರದು. ಅರ್ಧ ಮಾತ್ರ ನಿಜ. ನಮ್ಮಲ್ಲಿ ಬಾರು, ವೈನ್ ಶಾಪು ಖಾಸಗಿ ಸನ್ನದುದಾರರ ಕೈಯಲ್ಲಿವೆ, ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳನ್ನು ಬಿಟ್ಟರೆ. ಆದರೆ ಸಗಟು ಪೂರ್ತಿ ಸರ್ಕಾರದ್ದೇ. 2003ರಿಂದ ರಾಜ್ಯದಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮು, ಬಿಯರು ಎಲ್ಲವೂ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋ ಮೂಲಕವೇ ಅಂಗಡಿ ಸೇರಬೇಕು. ಅಂಗಡಿಯವನು ಮುಂಚೆ ದುಡ್ಡು ಕಟ್ಟಿ ಪೆಟ್ಟಿಗೆ ಎತ್ತುತ್ತಾನೆ. ಪ್ರತಿ ಬಾಟಲಿಯ ಮೇಲೂ ಅಬಕಾರಿ ಇಲಾಖೆಯ ಚೀಟಿ ಮೊದಲೇ ಅಂಟಿರುತ್ತದೆ. ಒಂದು ಪೆಟ್ಟಿಗೆಯಲ್ಲಿ 48 ಕ್ವಾರ್ಟರ್. ತಲಾ 10 ರೂಪಾಯಿಯಂತೆ 480 ರೂಪಾಯಿಯನ್ನು ಡಿಪೋ ಬಿಲ್ಲಿನಲ್ಲೇ ಸೇರಿಸಿದರೆ ಠೇವಣಿ ವಸೂಲಾಯಿತು. ಖಾಲಿ ಬಾಟಲಿ ಡಿಪೋಗೆ ಬಂದಾಗ ಮುಂದಿನ ಬಿಲ್ಲಿನಲ್ಲಿ ಕಳೆದರೆ ವಾಪಸಾಯಿತು. ಗೋಲಿ ಸೋಡಾ ಫ್ಯಾಕ್ಟರಿಯವನು ನೋಟ್ ಪುಸ್ತಕದಲ್ಲಿ ಮಾಡುತ್ತಿದ್ದ ಲೆಕ್ಕವನ್ನು ಕಂಪ್ಯೂಟರ್ ಇಟ್ಟುಕೊಂಡ ನಿಗಮ ಮಾಡಲಾರದೇ?

ನಿಜವಾದ ತೊಡಕು ಬೇರೆ ಕಡೆ ಇದೆ. ಒಂದನೆಯದು ಟೆಟ್ರಾ ಪ್ಯಾಕು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ ಸಾರಾಯಿಯ ಕವರೂ ನಿಂತಿತು. ಆ ಜಾಗಕ್ಕೆ ಬಂದದ್ದು 90 ಮತ್ತು 180 ಎಂಎಲ್ಲಿನ ಅಗ್ಗದ ವಿಸ್ಕಿ. ಅದರಲ್ಲಿ ಸಾಕಷ್ಟು ಪಾಲು ಗಾಜಿನಲ್ಲಿಲ್ಲ, ರಟ್ಟಿನ ಡಬ್ಬಿಯಲ್ಲಿದೆ. ನೋಡಲು ರಟ್ಟು, ಒಳಗೆ ಪ್ಲಾಸ್ಟಿಕ್ ಪದರ, ಅದರ ಜೊತೆಗೊಂದು ಅಲ್ಯೂಮಿನಿಯಂ ಹಾಳೆ. ಮೂರನ್ನೂ ಬಿಡಿಸುವ ಕಾರ್ಖಾನೆ ಬೇಕು, ಗುಜರಿಯವನು ಮುಟ್ಟುವುದಿಲ್ಲ. ತಮಿಳುನಾಡಿನ ಯೋಜನೆಯನ್ನು ಹಾಗೇ ನಕಲು ಮಾಡಿ ಗಾಜಿಗೆ ಮಾತ್ರ ಠೇವಣಿ ಹಾಕಿದರೆ ಕುಡಿಯುವವರು ಡಬ್ಬಿಗೆ ಹೊರಳುತ್ತಾರೆ, ಕಂಪನಿಗಳೂ ಹೊರಳುತ್ತವೆ. ಕಾಲು ಕುಯ್ಯುವುದು ತಪ್ಪಬಹುದು, ತೂಬು ಕಟ್ಟಿಕೊಳ್ಳುವುದು ತಪ್ಪದು. ಆದ್ದರಿಂದ ಗಾಜು, ಪ್ಲಾಸ್ಟಿಕ್, ಡಬ್ಬಿ ಎಲ್ಲಕ್ಕೂ ಒಂದೇ ಠೇವಣಿ ಇರಬೇಕು.

ಎರಡನೆಯದು ಗಡಿ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯನ್ನೇ ತೆಗೆದುಕೊಳ್ಳಿ. ಕಾವೇರಿ ದಂಡೆ, ಆಂಜನೇಯನ ಗುಡಿ, ಸುತ್ತ ಕಾವೇರಿ ವನ್ಯಜೀವಿಧಾಮ. ಇಲ್ಲೂ ಆನೆಗಳಿವೆ. ಶನಿವಾರ ಭಾನುವಾರ ಬೆಂಗಳೂರಿನಿಂದ ಬರುವ ಕಾರುಗಳ ಡಿಕ್ಕಿಯಲ್ಲಿ ಊಟದ ಜೊತೆಗೆ ಬಾಟಲಿಗಳೂ ಬರುತ್ತವೆ. ನೀಲಗಿರಿಯಲ್ಲಿ ಬೆಟ್ಟ ಹತ್ತಿದವನು ಅಲ್ಲಿಯ ಅಂಗಡಿಯಲ್ಲೇ ಕೊಳ್ಳುತ್ತಾನೆ. ಮುತ್ತತ್ತಿಗೆ ಬರುವವನು ಬನಶಂಕರಿಯಲ್ಲೋ ಕನಕಪುರದಲ್ಲೋ ಕೊಂಡು ತರುತ್ತಾನೆ. ಮಳವಳ್ಳಿಯಲ್ಲಿ ಮಾತ್ರ ಠೇವಣಿ ಮಾಡಿದರೆ ಆ ಬಾಟಲಿಗೆ ಅದು ಅನ್ವಯಿಸುವುದೇ ಇಲ್ಲ. ನಮ್ಮ ಸರ್ಕಾರಗಳಿಗೆ ಪ್ರಾಯೋಗಿಕವಾಗಿ ಒಂದು ತಾಲ್ಲೂಕಿನಲ್ಲಿ ಎನ್ನುವ ಚಟ ಇದೆ. ಇದು ಆ ರೀತಿ ಪ್ರಯೋಗ ಮಾಡುವ ಕೆಲಸವಲ್ಲ. ಮಾಡಿದರೆ ಇಡೀ ರಾಜ್ಯಕ್ಕೆ ಒಂದೇ ದಿನ ಮಾಡಬೇಕು. ಅಲ್ಲಿಯವರೆಗೆ ಮುತ್ತತ್ತಿಯ ಚೆಕ್‌ಪೋಸ್ಟಿನಲ್ಲಿ ಮೈಸೂರು ಮೃಗಾಲಯದ ಸ್ಟಿಕ್ಕರ್ ವಿಧಾನವನ್ನು ಅರಣ್ಯ ಇಲಾಖೆ ಜಾರಿಗೆ ತರಬಹುದು. ನೀರು, ಜ್ಯೂಸು, ಕೋಲಾ ಯಾವ ಬಾಟಲಿಯಾದರೂ ಸರಿ. ಮದ್ಯ ಒಳಗೆ ಬಿಡುವುದೇ ತಪ್ಪು, ಆ ಮಾತು ಬೇರೆ.

ಮೂರನೆಯದು ಮೊತ್ತ. ಅಮೆರಿಕದ ಆರೆಗಾನ್ ರಾಜ್ಯ 1971ರಲ್ಲೇ ಬಾಟಲಿ ಕಾನೂನು ಮಾಡಿ 5 ಸೆಂಟು ಠೇವಣಿ ಇಟ್ಟಿತು. ಬೆಲೆಗಳೆಲ್ಲ ಏರಿದವು, 5 ಸೆಂಟು ಅಲ್ಲೇ ಉಳಿಯಿತು. 2016ರ ಹೊತ್ತಿಗೆ ವಾಪಸ್ ಬರುವ ಬಾಟಲಿ ಶೇ. 64ಕ್ಕೆ ಇಳಿದಿತ್ತು. 2017ರಲ್ಲಿ 10 ಸೆಂಟು ಮಾಡಿದರು, ಎರಡು ವರ್ಷದೊಳಗೆ ಶೇ. 80 ದಾಟಿತು. ಜನ ಬದಲಾಗಲಿಲ್ಲ, ನಾಣ್ಯ ಬದಲಾಯಿತು. ಜರ್ಮನಿಯಲ್ಲಿ ಒಮ್ಮೆ ಬಳಸುವ ಬಾಟಲಿಗೆ 2003ರಿಂದ ಠೇವಣಿ ಇದೆ, ಈಗ 25 ಸೆಂಟು, ಶೇ. 98ರಷ್ಟು ವಾಪಸ್ ಬರುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯ ಅಡುಗೆಕೋಣೆಯಲ್ಲೂ ಖಾಲಿ ಬಾಟಲಿಗೊಂದು ಚೀಲ ಇರುತ್ತದೆ. ವಾರದ ಸಾಮಾನು ತರಲು ಹೋದಾಗ ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಒಂದೊಂದಾಗಿ ತೂರಿಸಿದರೆ ಚೀಟಿ ಬರುತ್ತದೆ, ಆ ಚೀಟಿಗೆ ಹಾಲು, ಮೊಸರು ಕೊಳ್ಳಬಹುದು. ಮಗನ ಮನೆಗೆಂದು ಊರಿಂದ ಹೋದ ತಾಯಂದಿರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ 2 ರೂಪಾಯಿ ಇಟ್ಟರೆ ಯಾರೂ ಬಗ್ಗುವುದಿಲ್ಲ. 10ಕ್ಕೆ ಬಗ್ಗುತ್ತಾರೆ ಎಂದು ನೀಲಗಿರಿ ತೋರಿಸಿದೆ. 10ಕ್ಕೂ ಬಗ್ಗದ ದಿನ ಬಂದರೆ ಏರಿಸುವ ಅಧಿಕಾರವನ್ನು ಆದೇಶದಲ್ಲೇ ಬರೆದಿಡಬೇಕು.

ಅಂಗಡಿಯವರ ಗೋಳೂ ಕೇಳುವಂಥದ್ದೇ. ತಮಿಳುನಾಡಿನ ಟಾಸ್ಮ್ಯಾಕ್ ನೌಕರರು ಪ್ರತಿಭಟನೆ ಮಾಡಿದ್ದಾರೆ. ಮಾರುವುದೋ, ಖಾಲಿ ಎಣಿಸುವುದೋ, ನಾರುವ ಬಾಟಲಿ ಎಲ್ಲಿ ಗುಡ್ಡೆ ಹಾಕುವುದೋ ಎಂಬುದು ಅವರ ಪ್ರಶ್ನೆ. ಹತ್ತು ಅಡಿ ಅಗಲದ ವೈನ್ ಶಾಪಿನಲ್ಲಿ ಅದು ನಿಜವಾದ ತಾಪತ್ರಯ. ನಮ್ಮಲ್ಲಿ ಅದಕ್ಕೊಂದು ದಾರಿ ಈಗಾಗಲೇ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಒಣ ಕಸ ವಿಂಗಡಿಸುವ ಘಟಕಗಳನ್ನು ಮಹಿಳಾ ಸ್ವಸಹಾಯ ಸಂಘಗಳು ನಡೆಸುತ್ತಿವೆ, ಸ್ವಚ್ಛ ವಾಹಿನಿ ಓಡಿಸುವುದನ್ನೂ ಹೆಣ್ಣುಮಕ್ಕಳು ಕಲಿತಿದ್ದಾರೆ. ಬಾಟಲಿ ವಾಪಸ್ ಪಡೆಯುವ ಕೇಂದ್ರವನ್ನು ಅವರ ಕೈಗೆ ಕೊಟ್ಟು, ಬಾಟಲಿಗೆ ಇಷ್ಟೆಂದು ನಿರ್ವಹಣಾ ವೆಚ್ಚವನ್ನು ಮದ್ಯ ಮತ್ತು ತಂಪು ಪಾನೀಯದ ಕಂಪನಿಗಳಿಂದ ಕೊಡಿಸಿದರೆ ಅಂಗಡಿಯವನ ತಲೆನೋವು ಹೋಗುತ್ತದೆ, ಸಂಘಕ್ಕೆ ವರಮಾನ ಬರುತ್ತದೆ. ಈಗ ಆ ಘಟಕಗಳು ಬಡಕಲಾಗಿರುವುದು ಕಸದಲ್ಲಿ ಬೆಲೆಬಾಳುವುದು ಕಡಿಮೆ ಎಂಬ ಕಾರಣಕ್ಕೆ.

ಇನ್ನೊಂದು ಸೂಕ್ಷ್ಮ ಇದೆ, ಸರ್ಕಾರಗಳು ಸಾಮಾನ್ಯವಾಗಿ ಇದನ್ನು ಮೆಲ್ಲಗೆ ನುಂಗುತ್ತವೆ. ವಾಪಸ್ ಬಾರದ ಬಾಟಲಿಯ ಠೇವಣಿ ಯಾರದು? ನೂರರಲ್ಲಿ ಹತ್ತು ಬಾಟಲಿ ಬಾರದಿದ್ದರೂ ಅದು ದೊಡ್ಡ ಮೊತ್ತ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅದರ ಮುಕ್ಕಾಲು ಪಾಲು ಸರ್ಕಾರಕ್ಕೆ, ಕಾಲು ಪಾಲು ಅಂಗಡಿಗಳಿಗೆ ಎಂದು ಕಾನೂನೇ ಹೇಳುತ್ತದೆ. ನಮ್ಮಲ್ಲಿ ಇದು ಅಬಕಾರಿ ವರಮಾನದ ಜೊತೆ ಸೇರಿ ಖಜಾನೆಗೆ ಹೋದರೆ, ಬಾಟಲಿ ಕಡಿಮೆ ವಾಪಸ್ ಬಂದಷ್ಟೂ ಸರ್ಕಾರಕ್ಕೆ ಲಾಭ ಎಂದಾಗುತ್ತದೆ. ಹಾಗಾದ ದಿನ ಯೋಜನೆ ಸತ್ತಂತೆ. ವಾಪಸ್ ಬಾರದ ಬಾಟಲಿ ಬಿದ್ದಿರುವುದು ಯಾವುದೋ ಪಂಚಾಯಿತಿಯ ನೆಲದಲ್ಲಿ, ಆ ದುಡ್ಡೂ ಅಲ್ಲಿಗೇ ಹೋಗಬೇಕು.

ನೀರು ಮತ್ತು ಕೋಲಾ ಬಾಟಲಿಗಳಿಗೆ ಬಂದರೆ, 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ಮಾರ್ಗಸೂಚಿಯಲ್ಲಿ ಠೇವಣಿ ಪದ್ಧತಿಯ ಹೆಸರಿದೆ. ಕಂಪನಿಗಳು ಮಾಡಬಹುದು ಎಂದಿದೆ, ಮಾಡಲೇಬೇಕು ಎಂದಿಲ್ಲ. ‘ಬಹುದು’ ಎಂದಲ್ಲಿ ಯಾವ ಕಂಪನಿಯೂ ತಾನಾಗಿ ಲಾರಿ ಕಳಿಸಿ ಖಾಲಿ ಬಾಟಲಿ ತರಿಸಿಕೊಳ್ಳುವುದಿಲ್ಲ. ಅದು ದಿಲ್ಲಿಯ ಮಾತು, ತಡವಾಗಲಿ. ಮದ್ಯ ಮಾತ್ರ ರಾಜ್ಯದ ಕೈಯಲ್ಲಿರುವ ವಿಷಯ. ಅಬಕಾರಿ ನಿಯಮಗಳನ್ನು ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ.

ಕುಡಿಯುವವನ ಮೇಲೆ ಇನ್ನೂ 10 ರೂಪಾಯಿ ಹೊರೆಯೇ ಎಂದು ಕೇಳುವವರಿಗೆ ಒಂದು ಮಾತು. ಬಾಟಲಿ ತಂದುಕೊಟ್ಟರೆ ಹೊರೆ ಸೊನ್ನೆ. ತರದಿದ್ದರೆ ಅದು ಆಯುವವರ ಪಾಲು. ನಾಲೆ ಏರಿಯ ಮೇಲೆ ಬೆಳಿಗ್ಗೆ ಒಂದು ಸುತ್ತು ಹೊಡೆದು ಇಪ್ಪತ್ತು ಬಾಟಲಿ ಆಯ್ದ ಮುದುಕನಿಗೆ 200 ರೂಪಾಯಿ. ವೃದ್ಧಾಪ್ಯ ವೇತನದಂತೆ ಅರ್ಜಿ ಹಾಕಬೇಕಿಲ್ಲ, ಯಾರ ಸಹಿಯೂ ಬೇಕಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಏಳು ಜನ ಶಾಸಕರಿದ್ದಾರೆ. ಮುಂದಿನ ಅಧಿವೇಶನದಲ್ಲಿ ಅಬಕಾರಿ ಸಚಿವರಿಗೆ ಅವರು ಕೇಳಬೇಕಾದ ಪ್ರಶ್ನೆ ಇದು: ಪಾನೀಯ ನಿಗಮದ ಬಿಲ್ಲಿನಲ್ಲಿ ಬಾಟಲಿ ಠೇವಣಿ ಎಂಬ ಒಂದು ಸಾಲು ಸೇರಿಸಲು ತಡೆ ಏನು? ಉತ್ತರ ಲಿಖಿತವಾಗಿ ಬರಲಿ. ನಾಟಿ ಶುರುವಾಗುವ ಮೊದಲು ಬಂದರೆ ಇನ್ನೂ ಒಳ್ಳೆಯದು.